ಖಾಸಾ ಕಿಂಡಿ, ಸಾರ್ವತ್ರಿಕ ಕಿಂಡಿ

ಕೈಫೋನಿನ ಕೆಳಗಿನ ಅಂಚಿನಲ್ಲಿ ಒಂದು ಸಣ್ಣ ಕಿಂಡಿ ಇರುವುದಷ್ಟೆ. ಚಾರ್ಜು ಮಾಡುವ ವಯರಿನ ತುದಿಯನ್ನು ಅದರೊಳಗೆ ತೂರಿಸುತ್ತೇವೆ. ಇಷ್ಟು ಸಣ್ಣ ಕಿಂಡಿಯ ವಿಷಯದಲ್ಲಿ ಒಂದು ಪಾಠ ಬರೆಯುವಷ್ಟು ಏನಿದೆ ಎಂದು ಓದುಗರು ಕೇಳಬಹುದು. ಇದರ ಆಕಾರ ಹೇಗಿರತಕ್ಕದ್ದೆಂಬುದನ್ನು ಕುರಿತು ಯೂರೋಪಿನ ಪಾರ್ಲಿಮೆಂಟು ಮತ ಹಾಕಿ ಕಾಯಿದೆಯನ್ನೇ ಮಾಡಿದೆ. ದೆಹಲಿಯಲ್ಲಿ ನಮ್ಮ ಸರಕಾರವೂ ಸಭೆ ಕರೆದಿದೆ. ಅದೆಲ್ಲಕ್ಕಿಂತ ಹೆಚ್ಚಾಗಿ, ಈ ವಾಚನಾಲಯಕ್ಕೆ ಬರುವ ಹೋಟೆಲು ಕೆಲಸದವರು, ಬ್ಯಾಂಕಿನ ಗುಮಾಸ್ತರು, ಹಡಗುಕಟ್ಟೆಯ ಕೆಲಸಗಾರರು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದುಂಟು: “ಕಿಂಡಿ ಒಂದೇ ಥರ ಇದೆ, ವಯರು ಸರಿಯಾಗಿ ಕೂರುತ್ತದೆ, ಆದರೂ ಚಾರ್ಜು ಏಕೆ ಏರುವುದಿಲ್ಲ?” ಈ ಪ್ರಶ್ನೆ ಪೆದ್ದು ಪ್ರಶ್ನೆಯಲ್ಲ. ಇದಕ್ಕೆ ಉತ್ತರ ತಿಳಿಯದೆ ನಮ್ಮವರು ಕಷ್ಟದ ದುಡ್ಡನ್ನು ಎರಡೆರಡು ಸಲ ತೆರುತ್ತಿದ್ದಾರೆ.

ಮೊದಲು ರೈಲಿನ ಮಾತು. ವಿಷಯ ಬಿಟ್ಟು ಹೋದೆವೆಂದು ತಿಳಿಯಬೇಡಿ. ಕಿಂಡಿಯ ಸಂಗತಿಯನ್ನು ತಿಳಿಯಲು ಕೇರಳದ ರೈಲುಹಾದಿಗಿಂತ ಒಳ್ಳೆಯ ಪಾಠ ನಮಗೆ ಸಿಗಲಾರದು. ೧೯೦೨ರಲ್ಲಿ ಷೊರನೂರಿನಿಂದ ಎರ್ನಾಕುಲಕ್ಕೆ ರೈಲು ಬಂದಾಗ ಕೊಚ್ಚಿ ಸಂಸ್ಥಾನದವರು ಹಾಕಿಸಿದ್ದು ಮೀಟರ್ ಗೇಜು. ದೇವಸ್ಥಾನದ ಆನೆಗಳ ಚಿನ್ನದ ನೆತ್ತಿಪಟ್ಟಗಳನ್ನು ಮಾರಿ ಮಹಾರಾಜರು ಇದಕ್ಕೆ ಹಣ ಒದಗಿಸಿದರೆಂದು ಇಲ್ಲಿಯವರು ಇಂದಿಗೂ ಹೇಳುತ್ತಾರೆ. ಆದರೆ ಷೊರನೂರಿನಲ್ಲಿ ಎದುರಾದ ಮದ್ರಾಸು ರೈಲ್ವೆಯ ಹಾದಿ ಬ್ರಾಡ್ ಗೇಜು, ಅಂದರೆ ಹಳಿಯಿಂದ ಹಳಿಗೆ ೧೬೭೬ ಮಿಲಿಮೀಟರು. ಅದೇ ಕಂಪನಿಯ ಹಾದಿ ೧೯೦೭ರಲ್ಲಿ ಮಂಗಳೂರನ್ನು ಮುಟ್ಟಿತು. ಒಂದು ಸಾವಿರ ಮಿಲಿಮೀಟರಿನ ಹಳಿಯ ಮೇಲಿನ ಬಂಡಿ ಅದರ ಮೇಲೆ ಹೋಗುವುದಾದರೂ ಹೇಗೆ? ೧೯೩೦ರ ದಶಕದಲ್ಲಿ ಎರ್ನಾಕುಲದವರೆಗಿನ ಹಾದಿಯನ್ನು ಅಗಲ ಮಾಡಿದರು. ಅಲ್ಲಿಗೂ ತೊಡಕು ತೀರಲಿಲ್ಲ, ದಕ್ಷಿಣಕ್ಕೆ ಸರಿಯಿತಷ್ಟೆ. ತಿರುವಾಂಕೂರಿನ ಕಡೆ ಕೊಲ್ಲಂನಿಂದ ತಿರುವನಂತಪುರಕ್ಕೆ ೧೯೧೮ರಲ್ಲಿ ಬಂದದ್ದು ಮೀಟರ್ ಗೇಜು. ೧೯೫೬ರಲ್ಲಿ ಎರ್ನಾಕುಲದಿಂದ ಕೋಟ್ಟಯಂಗೆ, ೧೯೫೮ರಲ್ಲಿ ಕೋಟ್ಟಯಂನಿಂದ ಕೊಲ್ಲಂಗೆ ಹಾಕಿದ್ದೂ ಮೀಟರ್ ಗೇಜೇ. ಹೀಗಾಗಿ ಮಂಗಳೂರಿನಿಂದಲೋ ಕಾಸರಗೋಡಿನಿಂದಲೋ ತಿರುವನಂತಪುರಕ್ಕೆ ಹೊರಟ ನಮ್ಮ ಹಿರಿಯರು ಎರ್ನಾಕುಲದಲ್ಲಿ ಹಾಸಿಗೆ ಸುತ್ತಿಕೊಂಡು ಇಳಿದು ಇನ್ನೊಂದು ಬಂಡಿ ಹತ್ತಬೇಕಾಗಿತ್ತು. ಅಕ್ಕಿಯ ಮೂಟೆಗಳನ್ನು ಒಂದು ವ್ಯಾಗನಿನಿಂದ ಇಳಿಸಿ ಇನ್ನೊಂದಕ್ಕೆ ಹೊರಬೇಕಾಗಿತ್ತು. ೧೯೭೬ರಲ್ಲಿ ತಿರುವನಂತಪುರದವರೆಗೂ ಬ್ರಾಡ್ ಗೇಜು ಆದ ಮೇಲೆಯೇ ಈ ಇಳಿದು ಹತ್ತುವ ಕೆಲಸ ನಿಂತದ್ದು.

ಒಂದು ಕಂಪನಿಯೋ ಒಂದು ಸಂಸ್ಥಾನವೋ ತನಗೆ ಅನುಕೂಲವೆಂದು ಹಾಕಿಕೊಂಡ ಹಳಿ ಖಾಸಾ ಕಿಂಡಿಯಂತೆ. ಎಲ್ಲರ ಬಂಡಿಯೂ ಓಡಬಲ್ಲ ಹಳಿ ಸಾರ್ವತ್ರಿಕ ಕಿಂಡಿಯಂತೆ. ಖಾಸಾ ಹಳಿ ಹಾಕಿದವರು ದಡ್ಡರೇನಲ್ಲ. ಮೀಟರ್ ಗೇಜಿಗೆ ಖರ್ಚು ಕಡಿಮೆ, ತಿರುವುಗಳಿಗೆ ಅದು ಸಲೀಸು. ಆದರೆ ಎರಡು ಹಳಿ ಕೂಡುವ ಜಾಗದಲ್ಲಿ ಮೂಟೆ ಹೊರಿಸುವ ಖರ್ಚು ಬೀಳುವುದು ಹಳಿ ಹಾಕಿದವನ ಮೇಲಲ್ಲ, ಮೂಟೆಯ ಒಡೆಯನ ಮೇಲೆ. ಫೋನಿನಲ್ಲಿಯೂ ಹೀಗೆಯೇ.

ಕೇರಳದಲ್ಲಿ ಕೈಫೋನು ಆರಂಭವಾದದ್ದು ೧೯೯೬ರ ಸೆಪ್ಟೆಂಬರ್ ೧೭ರಂದು, ಕೊಚ್ಚಿಯಲ್ಲಿ. ಹೆಸರಾಂತ ಮಲಯಾಳ ಕಾದಂಬರಿಕಾರ ತಕಳಿ ಶಿವಶಂಕರ ಪಿಳ್ಳೆಯವರು ದಕ್ಷಿಣ ನೌಕಾ ಕಮಾಂಡಿನ ವೈಸ್ ಅಡ್ಮಿರಲ್ ಎ. ಆರ್. ಟಂಡನ್ನರ ಜೊತೆ ಮೊದಲ ಮಾತನಾಡಿದರು. ಅಂದಿನಿಂದ ಹದಿನೈದು ವರ್ಷ ಕಿಂಡಿಗಳ ಕಾಡೇ ಬೆಳೆಯಿತು. ನೋಕಿಯಾದ್ದು ದುಂಡನೆಯ ಪಿನ್ನು. ಅದರಲ್ಲಿಯೂ ಮೊದಲು ದಪ್ಪ ಪಿನ್ನು, ಆಮೇಲೆ ಸಣ್ಣ ಪಿನ್ನು, ದಪ್ಪದ್ದನ್ನು ಸಣ್ಣದಕ್ಕೆ ಹೊಂದಿಸಲು ಮತ್ತೊಂದು ತುಂಡು ವಯರು. ಸೋನಿ ಎರಿಕ್ಸನ್ನಿನದು ಹಲ್ಲುಹಲ್ಲಾದ ಚಪ್ಪಟೆ ತುದಿ. ಸ್ಯಾಮ್‌ಸಂಗಿನದು ಮಾದರಿಗೊಂದು. ಕೊಚ್ಚಿಯ ಮರೀನ್ ಡ್ರೈವಿನ ಪೆಂಟ ಮೇನಕದಲ್ಲಿ ಫೋನಿನ ಅಂಗಡಿಗಳ ಸಾಲು ಹೊಕ್ಕವರಿಗೆ ಗೊತ್ತು. ಒಂದೇ ವಯರಿಗೆ ಐದಾರು ತರದ ತುದಿಗಳನ್ನು ಗೊಂಚಲಿನ ಹಾಗೆ ಕಟ್ಟಿದ ಚಾರ್ಜರುಗಳು ಆ ಕಾಲದಲ್ಲಿ ತೂಗಾಡುತ್ತಿದ್ದವು. ಆ ಗೊಂಚಲು ನೋಡಲು ಅಂದ. ಆದರೆ ಅದರಲ್ಲಿ ನಮಗೆ ಬೇಕಾದದ್ದು ಒಂದೇ ತುದಿ, ಹಣ ಕೊಟ್ಟದ್ದು ಆರಕ್ಕೂ.

ಈ ಕಾಡನ್ನು ಕಡಿಯಲು ಮೊದಲು ಕೈಹಾಕಿದ ದೇಶಗಳಲ್ಲಿ ಚೀನಾ ಒಂದು. ೨೦೦೬ರಲ್ಲಿ ಅದು ಗೊತ್ತುಮಾಡಿದ್ದು ಫೋನಿನ ಕಿಂಡಿಯನ್ನಲ್ಲ, ಚಾರ್ಜರಿನ ಬಾಯಿಯನ್ನು: ಎಲ್ಲ ಚಾರ್ಜರುಗಳಿಗೂ ಕಂಪ್ಯೂಟರಿನ ಅಗಲವಾದ ಯುಎಸ್‌ಬಿ ಬಾಯಿ, ವಯರು ಮಾತ್ರ ಬೇರೆ ಬೇರೆ. ಇದು ಜಾಣತನದ ಕೆಲಸ. ಗೋಡೆಯಿಂದ ವಯರನ್ನು ಬಿಡಿಸಿದ್ದರಿಂದ ನಮ್ಮ ಮಲಯಾಳಿ ನೆರೆಯವರಿಗೆ ಎಷ್ಟು ಉಪಕಾರವಾಯಿತೆಂಬುದನ್ನು ನೋಡಿ. ದುಬೈ, ದೋಹಾಗಳಿಂದ ಬರುವ ಚಾರ್ಜರಿನ ಪಿನ್ನುಗಳು ಚೌಕವಾಗಿ ಚಪ್ಪಟೆಯಾಗಿರುತ್ತವೆ. ನಮ್ಮ ಗೋಡೆಯ ರಂಧ್ರಗಳು ದುಂಡಗೆ. ಎರಡೂ ಬ್ರಿಟಿಷರ ಬಳುವಳಿಯೇ. ಅವರು ದುಂಡು ಪಿನ್ನನ್ನು ಇಲ್ಲಿ ಬಿಟ್ಟು, ೧೯೪೭ರಲ್ಲಿ ತಮಗೆ ಹೊಸದಾಗಿ ಚಪ್ಪಟೆ ಪಿನ್ನನ್ನು ಗೊತ್ತುಮಾಡಿಕೊಂಡರು, ಕೊಲ್ಲಿ ದೇಶಗಳು ಅದನ್ನು ಹಿಡಿದವು. ವಯರು ಬಿಡಿಯಾಗಿದ್ದರೆ ಗೋಡೆಯ ತುಂಡನ್ನಷ್ಟೇ ಬದಲಾಯಿಸಿದರೆ ಸಾಕು.

೨೦೦೯ರಲ್ಲಿ ಯೂರೋಪಿನ ಸರಕಾರದ ಒತ್ತಾಯಕ್ಕೆ ದೊಡ್ಡ ದೊಡ್ಡ ಫೋನು ಕಂಪನಿಗಳು ಒಂದು ಒಪ್ಪಂದಕ್ಕೆ ರುಜು ಹಾಕಿದವು: ಎಲ್ಲರೂ ಮೈಕ್ರೋ ಯುಎಸ್‌ಬಿ ಕಿಂಡಿ ಇಡತಕ್ಕದ್ದು ಎಂದು. ಆದರೆ ಅದು ಮನಸ್ಸಿದ್ದವರ ಒಪ್ಪಂದ, ಕಾಯಿದೆಯಲ್ಲ. ಅಡಾಪ್ಟರು ಒದಗಿಸಿದರೂ ಸಾಕೆಂದು ಅದರಲ್ಲಿ ಒಂದು ಹಿಂಬಾಗಿಲು ಬೇರೆ ಇತ್ತು. ಆಪಲ್ ಕಂಪನಿ ಆ ಬಾಗಿಲಿನಿಂದ ಹೋಯಿತು. ೨೦೦೩ರಿಂದ ಇದ್ದ ಮೂವತ್ತು ಪಿನ್ನಿನ ಅಗಲ ಕಿಂಡಿಯನ್ನು ಬಿಟ್ಟು ೨೦೧೨ರಲ್ಲಿ ಲೈಟ್ನಿಂಗ್ ಎಂಬ ಎಂಟು ಸ್ಪರ್ಶದ ತನ್ನದೇ ಕಿಂಡಿಯನ್ನು ತಂದಿತು. ಅದರ ವಯರಿನ ತುದಿಯಲ್ಲಿ ಗುರುತು ಹೇಳುವ ಒಂದು ಚಿಪ್ಪು. ಬೇರೆಯವರು ವಯರು ಮಾಡಬೇಕಾದರೆ ಕಂಪನಿಯ ಪರವಾನಿಗೆ ಪಡೆಯಬೇಕು; ಇಲ್ಲವಾದರೆ ಈ ವಯರು ನಂಬತಕ್ಕದ್ದಲ್ಲವೆಂದು ಫೋನೇ ದೂರು ಹೇಳುತ್ತದೆ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ಲೈಟ್ನಿಂಗ್ ಕಿಂಡಿ ಕೆಟ್ಟದ್ದಾಗಿರಲಿಲ್ಲ. ಮೈಕ್ರೋ ಕಿಂಡಿಗೆ ಮೇಲೆ ಕೆಳಗೆ ಎಂದುಂಟು. ಕತ್ತಲಲ್ಲಿ ತಿರುವುಮುರುವಾಗಿ ತುರುಕಿ ಕಿಂಡಿಯನ್ನೇ ಮುರಿದುಕೊಂಡವರೆಷ್ಟೋ ಮಂದಿ. ಲೈಟ್ನಿಂಗನ್ನು ಹೇಗೆ ತೂರಿಸಿದರೂ ಆಯಿತು. ಈ ಗುಣವುಳ್ಳ ಸಾರ್ವತ್ರಿಕ ಕಿಂಡಿ, ಅಂದರೆ ಸಿ ಟೈಪಿನ ವಿವರ ಹೊರಬಂದದ್ದು ಎರಡು ವರ್ಷ ತಡವಾಗಿ, ೨೦೧೪ರಲ್ಲಿ. ಅಲ್ಲದೆ ಲೈಟ್ನಿಂಗಿನಲ್ಲಿ ನಾಲಗೆ ಇರುವುದು ವಯರಿನಲ್ಲಿ. ಮುರಿದರೆ ವಯರು ಹೋಯಿತು. ಸಿ ಟೈಪಿನಲ್ಲಿ ತೆಳುವಾದ ನಾಲಗೆ ಫೋನಿನ ಕಿಂಡಿಯೊಳಗೇ ಇದೆ. ಮುರಿದರೆ ಫೋನಿಗೆ ರಿಪೇರಿ. ಎಲ್ಲರಿಗೂ ಒಂದೇ ಕಿಂಡಿ ಎಂದು ಕಾಯಿದೆ ಮಾಡಿದರೆ ಹೊಸದನ್ನು ಕಂಡುಹಿಡಿಯುವವರ ಕೈ ಕಟ್ಟಿದಂತಾಗುತ್ತದೆಂದು ಆಪಲ್ಲಿನವರು ವಾದಿಸಿದರು. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಸಾರ್ವತ್ರಿಕ ಕಿಂಡಿಯನ್ನು ರೂಪಿಸಿದ ಸಂಘದಲ್ಲಿ ಅವರೂ ಸದಸ್ಯರು, ತಮ್ಮ ಲ್ಯಾಪ್‌ಟಾಪಿಗೆ ಅವರು ಸಿ ಟೈಪನ್ನು ೨೦೧೫ರಲ್ಲಿಯೇ ಇಟ್ಟಿದ್ದರು. ಲ್ಯಾಪ್‌ಟಾಪಿಗೆ ಒಪ್ಪಿದ್ದು ಫೋನಿಗೇಕೆ ಒಪ್ಪದು? ವಯರಿನ ಪರವಾನಿಗೆಯ ಹಣವನ್ನು ನೆನೆದರೆ ಉತ್ತರ ತಾನಾಗಿ ಹೊಳೆಯುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಕಡೆಗೆ ಯೂರೋಪು ೨೦೨೨ರಲ್ಲಿ ಕಾಯಿದೆಯನ್ನೇ ಮಾಡಿತು. ಪರವಾಗಿ ೬೦೨ ಮತ, ವಿರುದ್ಧ ೧೩. ೨೦೨೪ರ ಡಿಸೆಂಬರ್ ೨೮ರಿಂದ ಅಲ್ಲಿ ಮಾರುವ ಹೊಸ ಫೋನು, ಟ್ಯಾಬ್ಲೆಟ್ಟು, ಕ್ಯಾಮೆರಾ, ಕಿವಿಯ ಸಾಧನ ಮೊದಲಾದವಕ್ಕೆ ಸಿ ಟೈಪಿನ ಕಿಂಡಿ ಕಡ್ಡಾಯ. ಲ್ಯಾಪ್‌ಟಾಪಿಗೆ ೨೦೨೬ರ ಏಪ್ರಿಲ್ ೨೮ರಿಂದ. ಎಸೆದ ಮತ್ತು ಬಳಸದೆ ಬಿದ್ದ ಚಾರ್ಜರುಗಳಿಂದ ಅಲ್ಲಿ ವರ್ಷಕ್ಕೆ ೧೧,೦೦೦ ಟನ್ನು ಕಸ ಬೀಳುತ್ತದೆಂಬುದು ಅವರ ಸರಕಾರದ ಅಂದಾಜು. ಕಾಯಿದೆ ಜಾರಿಗೆ ಬರುವ ಮುಂಚೆಯೇ, ೨೦೨೩ರ ಸೆಪ್ಟೆಂಬರಿನಲ್ಲಿ, ಐಫೋನ್ ೧೫ ಸಿ ಟೈಪಿನೊಡನೆ ಬಂದಿತು. ಯೂರೋಪಿಗೊಂದು, ಎರ್ನಾಕುಲಕ್ಕೊಂದು ಎಂದು ಫೋನು ಮಾಡುವುದು ಕಂಪನಿಗೆ ಲಾಭವಲ್ಲವಾದ್ದರಿಂದ ಆ ಕಾಯಿದೆಯ ಫಲ ನಮಗೂ ಸಿಕ್ಕಿತು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ೨೦೨೨ರಲ್ಲಿ ತಯಾರಕರ ಸಭೆ ಕರೆಯಿತು. ೨೦೨೩ರ ಜನವರಿಯಲ್ಲಿ ಭಾರತೀಯ ಮಾನಕ ಬ್ಯೂರೋ ಸಿ ಟೈಪಿನ ಮಾನಕವನ್ನು ಪ್ರಕಟಿಸಿತು. ಮಾನಕವೆಂದರೆ ತಾನಾಗಿಯೇ ಕಾಯಿದೆಯಲ್ಲ. ಕಡ್ಡಾಯವೆಂದು ಸರಕಾರ ಬೇರೆ ಆಜ್ಞೆ ಹೊರಡಿಸಬೇಕು.

ಇನ್ನು ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಎಲ್ಲರ ಕಿಂಡಿಯೂ ಒಂದಾದ ಮೇಲೂ ತೊಡಕೇಕೆ?

ಮತ್ತೆ ರೈಲನ್ನು ನೆನೆಯಿರಿ. ೧೯೭೬ರಲ್ಲಿ ಎರ್ನಾಕುಲದಿಂದ ತಿರುವನಂತಪುರಕ್ಕೆ ಅಗಲ ಹಳಿ ಬಂದಿತಷ್ಟೆ. ಆದರೆ ವಿದ್ಯುತ್ತಿನ ಇಂಜಿನ್ನು ಅಂದೇ ಆ ಹಳಿಯ ಮೇಲೆ ಓಡಲಿಲ್ಲ. ಹಳಿ ಸರಿಯಾಗಿತ್ತು, ಮೇಲಿನ ತಂತಿ ಇರಲಿಲ್ಲ. ತಂತಿ ಬಂದದ್ದು ಈ ಶತಮಾನದಲ್ಲಿ. ಕಿಂಡಿಯ ಆಕಾರ ಹಳಿಯಿದ್ದಂತೆ. ಅದರ ಹಿಂದೆ ಚಾರ್ಜರೂ ಫೋನೂ ಆಡುವ ಮಾತು ಮೇಲಿನ ತಂತಿಯಿದ್ದಂತೆ. ಆಕಾರ ಕೂಡಿದರೂ ಮಾತು ಕೂಡದಿದ್ದರೆ ಬಂಡಿ ತೆವಳುತ್ತದೆ, ಇಲ್ಲವೆ ನಿಲ್ಲುತ್ತದೆ.

ಈ ಮಾತೆಂಬುದು ಏನು? ಹಳೆಯ ಅಗಲ ಬಾಯಿಯ ಚಾರ್ಜರು ಯಾರಿರಲಿ ಇಲ್ಲದಿರಲಿ ಯಾವಾಗಲೂ ೫ ವೋಲ್ಟು ವಿದ್ಯುತ್ತನ್ನು ಸುರಿಯುತ್ತದೆ. ಸಿ ಟೈಪಿನ ಚಾರ್ಜರು ಹಾಗಲ್ಲ. ಅದರ ಕಿಂಡಿಯಲ್ಲಿರುವ ಇಪ್ಪತ್ತನಾಲ್ಕು ಸ್ಪರ್ಶಗಳಲ್ಲಿ ಎರಡು ಬರಿಯ ವಿಚಾರಣೆಗೆ ಮೀಸಲು. ಎದುರಿನ ಸಾಧನದಲ್ಲಿ ೫.೧ ಕಿಲೋ ಓಮಿನ ಒಂದು ಸಣ್ಣ ರೋಧಕ ಇದೆಯೇ ಎಂದು ಅದು ತಡವಿ ನೋಡುತ್ತದೆ. ಇದ್ದರೆ ಮಾತ್ರ ವಿದ್ಯುತ್ತು ಬಿಡುತ್ತದೆ. ಅಗ್ಗದ ಟಾರ್ಚು, ಗಡ್ಡದ ಯಂತ್ರ, ಕೊರಳ ಹೆಡ್‌ಫೋನು ಮಾಡುವವರಲ್ಲಿ ಕೆಲವರು ಪುಡಿಕಾಸಿನ ಈ ರೋಧಕವನ್ನು ಉಳಿಸಲೆಂದು ಬಿಟ್ಟುಬಿಡುತ್ತಾರೆ. ಅಂಥ ಸಾಮಾನು ಅಗಲ ಬಾಯಿಯ ಚಾರ್ಜರಿನಿಂದ ಚಾರ್ಜಾಗುತ್ತದೆ, ಎರಡೂ ತುದಿ ಸಿ ಟೈಪಿನ ವಯರಿನಿಂದ ಆಗುವುದಿಲ್ಲ. ಕೊಂಡವರು ಚಾರ್ಜರು ಕೆಟ್ಟಿದೆಯೆಂದು ಇನ್ನೊಂದು ಚಾರ್ಜರು ಕೊಳ್ಳುತ್ತಾರೆ. ಕೆಟ್ಟದ್ದು ಚಾರ್ಜರಲ್ಲ. ಮನೆಯಲ್ಲಿ ಅಗಲ ಬಾಯಿಯ ಹಳೆಯ ಚಾರ್ಜರೊಂದಿದ್ದರೆ ಎಸೆಯದೆ ಇಂಥದಕ್ಕಾಗಿ ಇಟ್ಟುಕೊಳ್ಳಿ.

ಎರಡನೆಯದು ವಾಟಿನ ಲೆಕ್ಕ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟು. ೫ ವೋಲ್ಟು, ೩ ಆಂಪಿಯರು ಎಂದರೆ ೧೫ ವಾಟು. ಇದಕ್ಕೂ ಬೇಗ ಚಾರ್ಜು ಬೇಕಾದರೆ ಸಾರ್ವತ್ರಿಕವಾದ ಒಂದು ಕ್ರಮವುಂಟು, ಅದರ ಹೆಸರು ಪವರ್ ಡೆಲಿವರಿ. ಫೋನು ಕೇಳುತ್ತದೆ, ಚಾರ್ಜರು ವೋಲ್ಟನ್ನು ಏರಿಸುತ್ತದೆ. ಈ ಕ್ರಮಕ್ಕೆ ಸೇರದ ಖಾಸಾ ಕ್ರಮಗಳೂ ಉಂಟು. ಒಪ್ಪೊ ಕಂಪನಿ ೨೦೧೪ರಲ್ಲಿ ತಂದ ವೂಕ್ ಎಂಬುದು ವೋಲ್ಟನ್ನು ಏರಿಸುವ ಬದಲು ಆಂಪಿಯರನ್ನು ಏರಿಸುವ ಕ್ರಮ. ಅದಕ್ಕೆ ಅವರದೇ ಚಾರ್ಜರು, ಅವರದೇ ವಯರು ಬೇಕು. ಡಬ್ಬಿಯ ಮೇಲೆ ೬೫ ವಾಟು, ೮೦ ವಾಟು ಎಂದು ದೊಡ್ಡದಾಗಿ ಅಚ್ಚಾಗಿರುವ ಇಂಥ ಫೋನಿಗೆ ಗೆಳೆಯನ ಚಾರ್ಜರು ಹಾಕಿದರೆ ಕಿಂಡಿ ಕೂಡುತ್ತದೆ, ಚಾರ್ಜು ಮಾತ್ರ ಆಮೆಯ ನಡಿಗೆಯಲ್ಲಿ ಏರುವುದುಂಟು. ಖಾಸಾ ಕಿಂಡಿ ಹೊರಗಿನಿಂದ ಮಾಯವಾಗಿ ಒಳಗೆ ಸೇರಿಕೊಂಡಿತು ಎನ್ನಬೇಕು. ಯೂರೋಪಿನ ಕಾಯಿದೆ ಬರೆದವರು ಇದನ್ನು ಬಲ್ಲರು. ೧೫ ವಾಟಿಗೆ ಮೀರಿದ ಸಾಧನದಲ್ಲಿ ಖಾಸಾ ಕ್ರಮವಿದ್ದರೂ ಪವರ್ ಡೆಲಿವರಿಯೂ ಪೂರ್ತಿಯಾಗಿ ಇರತಕ್ಕದ್ದೆಂದು ಅವರು ಸೇರಿಸಿದ್ದಾರೆ. ನಮಗೆ ತೋರುವಂತೆ ಆ ಕಾಯಿದೆಯಲ್ಲಿ ಕಿಂಡಿಯ ಆಕಾರಕ್ಕಿಂತ ಬೆಲೆಯುಳ್ಳ ಸಾಲು ಇದೇ.

ವಯರಿನಲ್ಲಿಯೂ ಭೇದವಿದೆ. ಸಾಧಾರಣ ಸಿ ಟೈಪಿನ ವಯರು ೩ ಆಂಪಿಯರಿನವರೆಗೆ, ಅಂದರೆ ೨೦ ವೋಲ್ಟಿನಲ್ಲಿ ೬೦ ವಾಟಿನವರೆಗೆ ತಾಳುತ್ತದೆ; ೫ ಆಂಪಿಯರಿನ ವಯರಿನೊಳಗೆ ಗುರುತಿನ ಚಿಪ್ಪು ಇರಬೇಕು. ಅಕ್ಷರ ಚಿತ್ರಗಳನ್ನು ಸಾಗಿಸುವ ವೇಗವೂ ಕಿಂಡಿಯ ಆಕಾರದಿಂದ ತಿಳಿಯುವುದಿಲ್ಲ. ಐಫೋನ್ ೧೫ರ ಸಿ ಕಿಂಡಿಯ ವೇಗ ಹಳೆಯ ಯುಎಸ್‌ಬಿ ಎರಡರದೇ. ಅದೇ ವರ್ಷದ ಐಫೋನ್ ೧೫ ಪ್ರೋದ್ದು, ತಕ್ಕ ವಯರಿದ್ದರೆ, ಅದರ ಇಪ್ಪತ್ತು ಪಟ್ಟು. ಇರಲಿ, ನಮ್ಮಲ್ಲಿ ಹೆಚ್ಚಿನವರಿಗೆ ಇದು ಬೇಕಾಗಿಲ್ಲ.

ಬೇಕಾದದ್ದು ಈಗ ಹೇಳುವುದು. ಒಂದು ಕೊಠಡಿಯಲ್ಲಿ ನಾಲ್ವರು ಇದ್ದಾರೆನ್ನಿ, ಗೋಡೆಯಲ್ಲಿ ಪ್ಲಗ್ಗು ಎರಡು. ನಾಲ್ವರೂ ತಮತಮಗೆ ಚಾರ್ಜರು ಕೊಳ್ಳುವ ಬದಲು ಪವರ್ ಡೆಲಿವರಿ ಇರುವ ಎರಡು ಬಾಯಿಯ ಒಳ್ಳೆಯ ಚಾರ್ಜರು ಎರಡು ಕೊಂಡರೆ ಸಾಕು. ಕೊಳ್ಳುವ ಮೊದಲು ನಿಮ್ಮ ಫೋನು ಆ ಕ್ರಮದಲ್ಲಿ ಎಷ್ಟು ವಾಟು ತೆಗೆದುಕೊಳ್ಳುತ್ತದೆಂದು ಕೇಳಿ; ಡಬ್ಬಿಯ ಮೇಲಿನ ದೊಡ್ಡ ಅಂಕಿಯನ್ನು ಕೇಳಬೇಡಿ. ಚಾರ್ಜರಿನ ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ೫ ವೋಲ್ಟು, ೯ ವೋಲ್ಟು ಎಂದು ಅದು ಕೊಡುವುದೆಲ್ಲ ಬರೆದಿರುತ್ತದೆ. ಅಲ್ಲಿಯೇ ಮಾನಕ ಬ್ಯೂರೋದ ಗುರುತೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಬಿಐಎಸ್ ಕೇರ್ ಎಂಬ ಸರಕಾರದ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಅದು ಯಾರ ಹೆಸರಿನಲ್ಲಿದೆಯೆಂದು ತಿಳಿಯುತ್ತದೆ. ಅಂಗಡಿಯಲ್ಲಿ ನಿಂತೇ ನೋಡಬಹುದು, ಅದರಲ್ಲಿ ನಾಚಿಕೆಯೇನಿಲ್ಲ.

ಹಳೆಯ ಫೋನು ಕೊಳ್ಳುವವರಿಗೆ ಬೇರೊಂದು ಮಾತು. ಕಿಂಡಿ ಬದಲಾದಾಗ ಹಳೆಯ ಕಿಂಡಿಯ ಫೋನುಗಳು ಬೆಲೆ ಇಳಿದು ಸೆಕೆಂಡ್ ಹ್ಯಾಂಡ್ ಪೇಟೆಗೆ ಬರುತ್ತವೆ. ಕೊಚ್ಚಿಯ ಪೆಂಟ ಮೇನಕಕ್ಕೂ ಬರುತ್ತವೆ, ತಿರುವನಂತಪುರದ ಚಾಲೆ ಬಜಾರಿಗೂ ಬರುತ್ತವೆ. ಲೈಟ್ನಿಂಗ್ ಕಿಂಡಿಯ ಐಫೋನು ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವ ಮುನ್ನ ಅದಕ್ಕೆ ಪರವಾನಿಗೆಯುಳ್ಳ ವಯರಿನ ಬೆಲೆಯನ್ನೂ, ಕೊಠಡಿಯವರ ವಯರು ಅದಕ್ಕೆ ಹಿಡಿಯದೆಂಬುದನ್ನೂ ಕೂಡಿಸಿ ಲೆಕ್ಕ ಹಾಕಿ. ಕೊಂಡರೆ ತಪ್ಪೆಂದು ನಾವು ಹೇಳುವುದಿಲ್ಲ. ಉಳ್ಳವರು ಬಿಟ್ಟ ಖಾಸಾ ಕಿಂಡಿಯ ಕೊನೆಯ ಖರ್ಚು ಇಲ್ಲದವರ ಪಾಲಿಗೆ ಬರುತ್ತದೆಂಬುದು ಮಾತ್ರ ಸತ್ಯ.

ರೈಲು ನಿಲ್ದಾಣ, ಬಸ್ಸು ನಿಲ್ದಾಣಗಳ ಸಾರ್ವಜನಿಕ ಯುಎಸ್‌ಬಿ ಬಾಯಿಗೆ ಫೋನನ್ನು ನೇರವಾಗಿ ತಗಲಿಸುವುದು ಒಳ್ಳೆಯದಲ್ಲ. ಕಿಂಡಿ ಒಂದೇ ಆದರೂ ವಿದ್ಯುತ್ತೂ ಮಾಹಿತಿಯೂ ಅದರಲ್ಲಿಯೇ ಹಾಯುತ್ತವೆ. ಫೋನಿನಲ್ಲಿ ಬ್ಯಾಂಕಿನ ಖಾತೆ ಇಟ್ಟುಕೊಂಡವರು ಇದನ್ನು ನೆನಪಿಡಬೇಕೆಂದು ರಿಸರ್ವ್ ಬ್ಯಾಂಕಿನ ಪುಸ್ತಿಕೆಯೂ ಎಚ್ಚರಿಸಿದೆ. ಸ್ವಂತ ಚಾರ್ಜರನ್ನು ಮೂರು ಪಿನ್ನಿನ ರಂಧ್ರಕ್ಕೆ ಹಾಕಿದರೆ ಆ ಭಯವಿಲ್ಲ.

೨೦೧೮ರ ಆಗಸ್ಟಿನ ಪ್ರಳಯವನ್ನು ಇಲ್ಲಿದ್ದವರು ಮರೆಯಲಾರರು. ಕೊಚ್ಚಿಯ ವಿಮಾನ ನಿಲ್ದಾಣ ಆಗಸ್ಟ್ ೧೫ರಿಂದ ೨೯ರ ತನಕ ಮುಚ್ಚಿತ್ತು. ಅಪಾಯವೆಂದು ಎಷ್ಟೋ ಕಡೆ ವಿದ್ಯುತ್ತನ್ನು ನಿಲ್ಲಿಸಿದ್ದರು. ಮಹಡಿಯ ಮೇಲೆ ಸಿಕ್ಕಿಬಿದ್ದವರು ತಾವಿದ್ದ ಜಾಗವನ್ನು ದೋಣಿಯವರಿಗೆ ತಿಳಿಸಿದ್ದು ಫೋನಿನಿಂದ. ಅಂಥ ದಿನದಲ್ಲಿ ಪಕ್ಕದವನ ಪವರ್ ಬ್ಯಾಂಕಿನ ವಯರು ತನ್ನ ಫೋನಿಗೆ ಹಿಡಿಯುವುದೋ ಇಲ್ಲವೋ ಎಂಬುದು ಸಣ್ಣ ಸಂಗತಿಯಲ್ಲ. ಮಳೆಗಾಲದಲ್ಲಿ ಚೀಲದಲ್ಲಿ ಸಿ ಟೈಪಿನ ಒಂದು ವಯರು, ಅದಕ್ಕೆ ಹೊಂದುವ ಮೈಕ್ರೋ ತುದಿಯ ಒಂದು ತುಂಡು ಇರಲಿ. ಕಿಂಡಿಯಲ್ಲಿ ನೀರು ಸೇರಿದ್ದರೆ ಫೋನನ್ನು ಕೆಳಮುಖವಾಗಿ ಹಿಡಿದು ಮೆಲ್ಲನೆ ತಟ್ಟಿ, ಗಾಳಿಗೆ ಒಣಗಿಸಿ. ಒದ್ದೆ ಕಿಂಡಿಗೆ ವಯರು ಹಾಕಬೇಡಿ, ಅಕ್ಕಿಯ ಡಬ್ಬಿಯಲ್ಲಿಯೂ ಹೂಳಬೇಡಿ.

ಮೈಕ್ರೋ ತುದಿ ಏಕೆಂದರೆ, ಊರಿನಲ್ಲಿ ತಾಯಿಯ ಕೈಯಲ್ಲಿರುವ ಗುಂಡಿಯ ಫೋನಿಗೆ ಅನೇಕ ಕಡೆ ಇನ್ನೂ ಅದೇ ಕಿಂಡಿ. ದೆಹಲಿಯ ಸಭೆಯಲ್ಲಿಯೂ ಸ್ಮಾರ್ಟ್ ಫೋನಿಗೆ ಸಿ ಟೈಪು, ಅಗ್ಗದ ಗುಂಡಿ ಫೋನಿಗೆ ಬೇರೊಂದು ಎಂಬ ಮಾತು ನಡೆದದ್ದು ಬೆಲೆಯ ಕಾರಣದಿಂದಲೇ. ಹಬ್ಬಕ್ಕೆ ಊರಿಗೆ ಹೊಸ ಗುಂಡಿ ಫೋನು ಒಯ್ಯುವವರು ಅಂಗಡಿಯಲ್ಲಿ ಅದರ ಕಿಂಡಿಯನ್ನು ನೋಡಿ, ಮನೆಯಲ್ಲಿರುವ ಚಾರ್ಜರಿಗೆ ಹಿಡಿಯುವುದನ್ನೇ ಆರಿಸಿಕೊಳ್ಳಿ.